ಹುಡುಗ್ರಿಗೆ ಕ್ರಿಸ್ಮಸ್ ಅಂದ್ರ ಬರೇ ಗಿಫ್ಟ್ ಆಗೈತಿ, ಮನ್ಯಾಗ ಏನ್ ಮಾಡೋಣ?

ಧಾರವಾಡ, ಈಗ ರೀಡಿಂಗ್ (ಇಂಗ್ಲೆಂಡಿನ ಊರು)
ಎಲ್ಲಾರಿಗೂ ನಮಸ್ಕಾರ್ರಿ. ಮಗಳಿಗೆ ಏಳು, ಮಗಗ ನಾಕು. ನವೆಂಬರ್ ಬಂದ್ರ ಬೇಕಾದ ಸಾಮಾನಿನ ಪಟ್ಟಿ ಬರೀತಾರ, ಯೇಸು ಯಾಕ ಹುಟ್ಟಿದಾ ಅಂತ ಕೇಳಿದ್ರ ಸುಮ್ಮನಾಗ್ತಾರ. ಮನಿಮನಿ ಹಾಡು, ನಸುಕಿನ ಆರಾಧನಿ, ಓಣ್ಯಾಗ ತಾಟು ಹಂಚೋದು ಇಲ್ಲಿ ಏನೂ ಇಲ್ಲ. ಇಬ್ರೂ ನೌಕರಿ ಮಾಡವ್ರಿಗೆ ಆಗೂವಂಥಾದ್ದು ಹೇಳ್ರಿ. ಸಾಂತಾ ವಿಷಯಕ್ಕ ಏನ್ ಹೇಳಬೇಕು ಅನ್ನೋದೂ ತಿಳೀವಲ್ದು.

ಬೆಟಗೇರಿ, ಈಗ ಲೆಸ್ಟರ್
ತಂಗಿ, 24ನೇ ತಾರೀಖಿಗೆ ಶುರು ಮಾಡಿದ್ರ ಏನೂ ಆಗಂಗಿಲ್ಲ. ಆಗಮನ ಕಾಲ ಹಿಡೀರಿ, ಹಬ್ಬದ ಮೊದಲಿನ ನಾಕು ಐತವಾರ. ಸ್ಟೀಲಿನ ಪರಾತದಾಗ ಎರಡು ಇಂಚು ಹಸಿ ಉಸುಕು ಹಾಕಿ ಸುತ್ತ ನಾಕು ಮೇಣದಬತ್ತಿ ನೆಡ್ರಿ, ಮೂರು ನೇರಳೆ, ಒಂದು ಗುಲಾಬಿ. ನಡುವ ಬಿಳೇದು. ಮೊದಲ ವಾರ ಒಂದು, ಎರಡನೇ ವಾರ ಎರಡು, ಹಿಂಗ ಹಚ್ಚಕೋತ ಹೋಗೋದು. ಗುಲಾಬಿ ಮೂರನೇ ವಾರಕ್ಕ, ಅದು ಸಂತೋಷದ ವಾರ. ಬಿಳೇದು ಯೇಸು ಹುಟ್ಟಿದ ರಾತ್ರಿಗೆ. ಮೊದಲ ಬತ್ತಿ ನಾಕೂ ವಾರ ಉರೀಬೇಕು, ಅದಕ್ಕ ಎಂಟು ಇಂಚಿಗಿಂತ ಗಿಡ್ಡಂದು ತರಬ್ಯಾಡ್ರಿ, ಹತ್ತು ನಿಮಿಷಕ್ಕ ಆರಸ್ರಿ. ಹಸರ ಟೊಂಗಿ ಇಟ್ರ ಭಾಳ ಹುಷಾರು. ಹೀಟರ್ ಹಚ್ಚಿದ ಮನ್ಯಾಗ ಎರಡು ವಾರದಾಗ ಒಣಗಿ ಕಡ್ಡಿ ಆಗಿರತಾವ, ಮೂರು ಬತ್ತಿ ಹಚ್ಚೂಮುಂದನ ಬೆಂಕಿ ಹತ್ತತೈತಿ. ವಾರಕ್ಕೊಮ್ಮೆ ಹೊಸಾವು ಹಾಕ್ರಿ, ಇಲ್ಲಾ ಬಿಟ್ಟಬಿಡ್ರಿ.

ಬೈಬಲ್‌ನ್ಯಾಗ ಓದಾಕ: ಯೆಶಾಯ 9:2-7, ಮೀಕ 5:2-5, ಲೂಕ 1:26-38, ಲೂಕ 1:46-55, ವಾರಕ್ಕೊಂದು. 24ರ ರಾತ್ರಿ ಲೂಕ 2:1-20. ನಾಕು ವರ್ಷದಾಂವ ಐದು ನಿಮಿಷದ ಮ್ಯಾಲ ಕೂಡಂಗಿಲ್ಲ. ಅವಗ ಎರಡು ವಚನ ಓದಿ ಒಂದ ಪ್ರಶ್ನೆ ಕೇಳ್ರಿ: ರಾಜ ಹುಟ್ಟಬೇಕಾದ್ದು ಅರಮನ್ಯಾಗ, ಇಂವ ಯಾಕ ದನದ ಗ್ವಾದಲ್ಯಾಗ? ಉತ್ತರ ನೀವು ಹೇಳಬ್ಯಾಡ್ರಿ, ನಾಕು ವಾರ ಅದನ್ನ ಕೇಳ್ರಿ.

ಹುಬ್ಬಳ್ಳಿ, ಈಗ ಟೊರಾಂಟೊ
ಬತ್ತಿ, ಟೊಂಗಿ ಇವೆಲ್ಲಾ ಜರ್ಮನಿ ಪದ್ಧತಿ. ಮೂಲ ಹಿಡೀರಿ. ಹುಡುಗ್ರಿಗೆ ಕನ್ನಡ ಬೈಬಲ್ ಓದಾಕ ಬರಂಗಿಲ್ಲ, ಅಲ್ಲೇ ಹಬ್ಬದ ಅರ್ಥ ಕಳಕೊಂಡೀವಿ. ಕಿಟೆಲ್ ಸಾಹೇಬ್ರು ಹೊರಗಿನಿಂದ ಬಂದು 1862ರಾಗ ಯೇಸುವಿನ ಕಥಿ ಕನ್ನಡ ಛಂದಸ್ಸಿನ್ಯಾಗ ಬರದ್ರು, 1894ರಾಗ ನಿಘಂಟು ಕೊಟ್ರು. ಅವರು ಕಲತ ಭಾಷಾ ನಮ್ಮ ಮಕ್ಕಳು ಕಲೀವಲ್ರು! ಸಾಂತಾ ಬಂದ್ ಮಾಡ್ರಿ, ಫೋನ್ ತಗದ ಇಡ್ರಿ, ದಿನಾ ಒಂದು ಅಧ್ಯಾಯ ಕನ್ನಡದಾಗ ಓದಸ್ರಿ. ಉಳದದ್ದು ತಾನ ಬರತೈತಿ.

ಗದಗ, ಈಗ ಡಲ್ಲಾಸ್
ಕಾಕಾರ, ಆ ಬತ್ತಿ ಹಚ್ಚೋದನ್ನ 1839ರಾಗ ಹ್ಯಾಂಬರ್ಗಿನ್ಯಾಗ ವಿಖರ್ನ್ ಅನ್ನೋ ಪಾದ್ರಿ ಬಡ ಹುಡುಗ್ರಿಗೋಸ್ಕರ ಶುರು ಮಾಡಿದ್ರು, ಹಬ್ಬಕ್ಕ ಎಷ್ಟು ದಿನ ಉಳೀತು ಅಂತ ಅವಕ್ಕ ತಿಳೀಲಿ ಅಂತ. ಅದ ವರ್ಷನ, ನಮ್ಮ ಕಡೆ ಶಾಲಿ, ದವಾಖಾನಿ ಕಟ್ಟಿದ ಜರ್ಮನ್ ಪಾದ್ರಿಗಳ ಬಾಸೆಲ್ ಮಿಷನ್ ಹುಬ್ಬಳ್ಳಿಗೆ ಬಂತು, ಧಾರವಾಡಕ್ಕ 1837ರಾಗ, ಬೆಟಗೇರಿಗೆ 1841ರಾಗ. ಜರ್ಮನಿದು ಅಂತ ಬಿಟ್ರ ನಮ್ಮ ಶಾಲಿ, ದವಾಖಾನಿ ಎಲ್ಲಾ ಬಿಡಬೇಕಾಗತೈತಿ.

ಸಾಂತಾ ವಿಷಯ: ನಿಕೊಲಾಸ್ ಅಂತ ನಾಲ್ಕನೇ ಶತಮಾನದಾಗ ಮೈರಾ ಊರಿನ ಬಿಷಪ್ ಇದ್ರು, ಈಗಿನ ಟರ್ಕಿ. ಗುಪ್ತವಾಗಿ ಬಡವ್ರಿಗೆ ಕೊಡತಿದ್ರು ಅಂತ ಕಥಿ ಐತಿ. ಅವರ ದಿನ ಡಿಸೆಂಬರ್ 6. ಅವತ್ತು ಹುಡುಗ್ರ ಕೈಲೆ ಒಂದು ಸಾಮಾನು, ಬಡವ್ರಿಗೆ ಪುಕ್ಕಟೆ ಊಟದ ಸಾಮಾನು ಹಂಚೋ ಫುಡ್‌ಬ್ಯಾಂಕಿಗೆ ಕೊಡಸ್ರಿ, ಹೆಸರು ಬರೀದಂಗ. ಶಾಲ್ಯಾಗ ಬ್ಯಾರೆ ಹುಡುಗ್ರ ಮುಂದ ‘ಸಾಂತಾ ಸುಳ್ಳು’ ಅನ್ನಬ್ಯಾಡ್ರಿ ಅಂತ ಮೊದಲ ಹೇಳಿಡ್ರಿ, ಇಲ್ಲಾಂದ್ರ ಟೀಚರ್ ಫೋನ್ ಬರತೈತಿ.

ಹುಬ್ಬಳ್ಳಿ, ಈಗ ಟೊರಾಂಟೊ
ನಾ ಶಾಲಿ ದವಾಖಾನಿ ಬಿಡ್ರಿ ಅಂದಿಲ್ಲ. ಭಾಷಾ ಹೋದ್ರ ಪ್ರಾರ್ಥನಿ ಹೋಗತೈತಿ ಅಂದೆ.

ಕಲಘಟಗಿ, ಈಗ ಮೆಲ್ಬರ್ನ್
ಕಾಕಾರ ಹೇಳೂದು ಖರೆ. ನಮ್ಮ ಪೀಳಿಗಿ ಮನ್ಯಾಗೂ ಇಂಗ್ಲಿಷ್ ಮಾತಾಡಿ ಕೆಡಿಸ್ತು, ಈಗ ಹಾಡು ಹೇಳಂದ್ರ ತುಟಿ ಅಲ್ಲಾಡಸ್ತಾವ ಅಷ್ಟ.

ರಾಣೆಬೆನ್ನೂರು, ಈಗ ಸಿಡ್ನಿ
ಬೈಬಲ್‌ನ್ಯಾಗ ಡಿಸೆಂಬರ್ 25 ಇಲ್ಲ ಅನ್ನೋದು ಹುಡುಗ್ರು ದೊಡ್ಡವಾದ ಮ್ಯಾಲ ಕೇಳೇ ಕೇಳತಾವ. ತಾರೀಖು ಲೂಕನೂ ಬರದಿಲ್ಲ, ಮತ್ತಾಯನೂ ಬರದಿಲ್ಲ. ರೋಮಿನ್ಯಾಗ 336ರಾಗ ಆಚರಿಸಿದ ದಾಖಲೆ ಐತಿ. ಯೇಸು ಕೂಸನ್ನ ನೋಡಾಕ ಬಂದ ಜ್ಞಾನಿಗಳು ಮೂವರು ಅನ್ನೋದೂ ಬೈಬಲ್‌ನ್ಯಾಗಿಲ್ಲ, ಕಾಣಿಕಿ ಮೂರು ಅಷ್ಟ. ಈಗ ಮುಚ್ಚಿಟ್ರ ಮುಂದ ಎಲ್ಲಾನೂ ಸುಳ್ಳು ಅಂತಾವ.

ಗೋದಲಿ ಮಾಡಸ್ರಿ. ಬೂಟಿನ ಡಬ್ಬಿ ಅಡ್ಡ ಮಲಗಿಸಿ, ಕಣಕಿ ಸಿಗಂಗಿಲ್ಲ, ಮೊಲದ ಅಂಗಡ್ಯಾಗಿನ ಒಣಹುಲ್ಲು ಹರವ್ರಿ. ಕೂಸು ಮಲಗೂ ಜಾಗಾ ಮೊದಲು ಖಾಲಿ ಇರಲಿ. ಹುಡುಗ್ರು ಯಾರಿಗಾದ್ರೂ ಸಹಾಯ ಮಾಡಿದಾಗೊಮ್ಮೆ ಅಲ್ಲಿ ಒಂದೆಳಿ ಹುಲ್ಲು ಇಡಲಿ, 24ರ ರಾತ್ರಿ ಅದರ ಮ್ಯಾಲ ಕೂಸು. ಕುರುಬರು ಮೊದಲು ಬರಬೇಕು, ಸುದ್ದಿ ಮೊದಲು ಹೋಗಿದ್ದು ಹೊಲದಾಗ ರಾತ್ರಿ ಕುರಿ ಕಾಯೂ ಬಡವ್ರಿಗೆ. ಜ್ಞಾನಿಗಳನ್ನ ದೂರದ ಕಿಡಕ್ಯಾಗ ಇಟ್ಟು ದಿನಾ ಒಂದಿಷ್ಟು ಸರಸ್ರಿ, ಜನವರಿ 6ಕ್ಕ ಮುಟ್ಟಲಿ, ಅವತ್ತು ಮತ್ತಾಯ 2:1-12. ಹಬ್ಬ 26ಕ್ಕ ಮುಗಿಯಂಗಿಲ್ಲ, ಹನ್ನೆರಡು ದಿನ ಐತಿ. ಒಂದೆರಡು ಗಿಫ್ಟ್ ಆ ದಿನಗಳಿಗೆ ಉಳಿಸಿದ್ರ ಒಮ್ಮೆಲೇ ಹರದು ಬಿಸಾಕೂದು ನಿಲ್ಲತೈತಿ. ಹುಲ್ಲಿನ ಹತ್ರ ಮೇಣದಬತ್ತಿ ಬ್ಯಾಡ, ಸಣ್ಣ ಎಲ್‌ಇಡಿ ಸಾಕು.

ಧಾರವಾಡ, ಈಗ ರೀಡಿಂಗ್
ಎಲ್ಲಾರಿಗೂ ಭಾಳ ಉಪಕಾರ. ಕನ್ನಡ ಓದಾಕ ಬರದಿದ್ರ ಹೆಂಗ ಶುರು ಮಾಡೋದು ಕಾಕಾರ?

ಹುಬ್ಬಳ್ಳಿ, ಈಗ ಟೊರಾಂಟೊ
ದಿನಾ ಕಲಸ್ರಿ ಅಂದೆನಲ್ಲವಾ. ಮನಸ್ಸಿದ್ರ ಆಗತೈತಿ.

ಬೆಟಗೇರಿ, ಈಗ ಲೆಸ್ಟರ್
ಓದೂದು ಆಮ್ಯಾಲ. ಈ ವರ್ಷ ಒಂದ ಕನ್ನಡ ಹಾಡಿನ ಒಂದ ಚರಣ, ನಾಕೂ ವಾರ ಬತ್ತಿ ಮುಂದ ಅದನ್ನ ಹಾಡ್ರಿ, 25ಕ್ಕ ಅದು ಬಾಯಾಗಿರತೈತಿ.

ಹಾವೇರಿ, ಈಗ ದುಬೈ
ತಾಟು ಹಂಚೋದು ಯಾರೂ ಹೇಳಲಿಲ್ಲ. ಪಕ್ಕದ ಮನಿಗೆ ಹುಡುಗ್ರ ಕೈಲೇ ಕಳಸ್ರಿ. ಕರ್ಚಿಕಾಯಿಗೆ ಎರಡು ಬಟ್ಟಲ ಮೈದಾ, ಅರ್ಧ ಬಟ್ಟಲ ಚಿರೋಟಿ ರವಾ, ಎರಡು ದೊಡ್ಡ ಚಮಚ ಕಾಸಿದ ತುಪ್ಪ, ಗಟ್ಟಿ ಕಣಕ, ಅರ್ಧ ತಾಸು ಮುಚ್ಚಿಡ್ರಿ. ಹೂರಣಕ್ಕ ಒಂದೂವರೆ ಬಟ್ಟಲ ಒಣ ಕೊಬ್ಬರಿ, ಅರ್ಧ ಬಟ್ಟಲ ಪುಠಾಣಿ ಹಿಟ್ಟು, ಒಂದು ಬಟ್ಟಲ ಸಕ್ರಿ ಪುಡಿ, ಹುರದ ಗಸಗಸಿ, ಯಾಲಕ್ಕಿ. ಅಂಚಿಗೆ ಹಾಲು ಸವರಿ ಒತ್ರಿ. ಒಣ ಅಂಚು ಎಣ್ಣ್ಯಾಗ ಬಾಯಿ ಬಿಟ್ರ ಹೂರಣ ಸುರದು ಎಣ್ಣಿ ಎಲ್ಲಾ ಕರ್ರಗಾಗತೈತಿ. ಉರಿ ನಡುಕಿಂದು ಇರಲಿ, ಜೋರಾದ್ರ ಮ್ಯಾಲ ಕೆಂಪಾಗಿ ಮರುದಿನ ಮೆತ್ತಗಾಗ್ತಾವ.

ಕಲಘಟಗಿ, ಈಗ ಮೆಲ್ಬರ್ನ್
ಸಕ್ರಿ ಬದಲಿ ಬೆಲ್ಲ ಹಾಕಬಹುದೇನ್ರಿ?

ಹಾವೇರಿ, ಈಗ ದುಬೈ
ಬೆಲ್ಲಕ್ಕ ಪಸೆ ಬರತೈತಿ, ಹಂಚಿ ಅವತ್ತ ತಿನ್ನೋದಿದ್ರ ಹಾಕ್ರಿ. ಡಬ್ಬ್ಯಾಗ ಇಡಾಕ ಸಕ್ರೀನ ಛಲೋ.