ಹಳೆ ಸೈ-ಫೈ ಸಿನಿಮಾ 4ಕೆ ಡಿಸ್ಕ್‌ನಲ್ಲಿ: ಈ ಚುಕ್ಕೆಗಳು ಡಿಸ್ಕ್‌ನ ದೋಷವಾ?

ಸುಹಾಸ್:
ಎಲ್ಲರಿಗೂ ನಮಸ್ಕಾರ. ಹೊಸದಾಗಿ 4ಕೆ ಟಿವಿ, ಡಿಸ್ಕ್ ಪ್ಲೇಯರ್ ಎರಡೂ ತಗೊಂಡಿದ್ದೇನೆ. ಹಳೆ ಸೈ-ಫೈ ಸಿನಿಮಾ ಅಂದ್ರೆ ನನಗೆ ಪ್ರಾಣ. ಮೊದಲು '2001: ಎ ಸ್ಪೇಸ್ ಒಡಿಸ್ಸಿ' ನೋಡಿದೆ. ನೌಕೆಯ ಮೈಮೇಲಿನ ಸಣ್ಣ ಸಣ್ಣ ಗೆರೆಯೂ ಕಾಣುತ್ತದೆ, ಅಷ್ಟು ಸ್ವಚ್ಛ. ಆಮೇಲೆ 'ಏಲಿಯನ್' ಹಾಕಿದೆ. ಕತ್ತಲ ದೃಶ್ಯಗಳಲ್ಲೆಲ್ಲ ಮರಳು ಉದುರಿಸಿದ ಹಾಗೆ ಚುಕ್ಕೆಗಳು ಕುಣಿಯುತ್ತವೆ. ಅದು 1968ರದ್ದು, ಇದು 1979ರದ್ದು. ಹೊಸ ಸಿನಿಮಾನೇ ಯಾಕೆ ಹೀಗೆ? ಡಿಸ್ಕ್ ಸರಿ ಇಲ್ವಾ? ಟಿವಿಯ ನಾಯ್ಸ್ ರಿಡಕ್ಷನ್ ಪೂರ್ತಿ ಏರಿಸಿದರೆ ಚುಕ್ಕೆ ಹೋಗುತ್ತದೆ. ಹಾಗೇ ಬಿಟ್ಟು ನೋಡಲಾ?

ಮಾಲತಿ:
ದಯವಿಟ್ಟು ಏರಿಸಬೇಡಿ ಸುಹಾಸ್. ನಿಮ್ಮ ಡಿಸ್ಕ್ ಚೆನ್ನಾಗಿಯೇ ಇದೆ. ಆ ಚುಕ್ಕೆಗಳ ಹೆಸರು ಗ್ರೇನ್, ಫಿಲ್ಮಿನಲ್ಲೇ ಇರುವ ಸೂಕ್ಷ್ಮ ಕಣಗಳು. ಚಿತ್ರದ ಮೇಲೆ ಕೂತ ಕೊಳೆ ಅಲ್ಲ ಅದು, ಚಿತ್ರ ಆಗಿರುವುದೇ ಅದರಿಂದ. ಅದನ್ನು ಒರೆಸಿದರೆ ಮುಖದ ಮೇಲಿನ ಬೆವರು, ಬಟ್ಟೆಯ ನೇಯ್ಗೆ, ಲೋಹದ ತುಕ್ಕು ಎಲ್ಲ ಜೊತೆಗೇ ಹೋಗುತ್ತವೆ. 'ಪ್ರಿಡೇಟರ್' ಸಿನಿಮಾದ 2010ರ ಬ್ಲೂ-ರೇ ನೋಡಿದವರಿಗೆ ಗೊತ್ತು. ಗ್ರೇನ್ ತೆಗೆಯಲು ಹೋಗಿ ಎಲ್ಲರ ಮುಖವೂ ಮೇಣದ ಬೊಂಬೆ ಆಗಿತ್ತು. ನನಗೆ ಇವತ್ತಿಗೂ ಅದನ್ನು ನೋಡಿದರೆ ಸಂಕಟವಾಗುತ್ತದೆ.

ಇನ್ನು ಹಳೆಯದೇ ಯಾಕೆ ಸ್ವಚ್ಛ ಅಂತ ಕೇಳಿದ್ದೀರಿ. ಒಳ್ಳೆ ಪ್ರಶ್ನೆ. '2001' ತೆಗೆದದ್ದು 65 ಮಿಮೀ ಅಗಲದ ಫಿಲ್ಮಿನಲ್ಲಿ. 'ಏಲಿಯನ್' 35 ಮಿಮೀ. 65ರ ಒಂದೊಂದು ಫ್ರೇಮೂ ಸುಮಾರು ಮೂರು ಪಟ್ಟು ದೊಡ್ಡದು. ನಿಮ್ಮ ಟಿವಿಯಲ್ಲಿ ಎರಡೂ ಒಂದೇ ಅಳತೆಗೆ ಹಿಗ್ಗುತ್ತವೆ, ಹಾಗಾಗಿ ಚಿಕ್ಕ ಫಿಲ್ಮಿನ ಗ್ರೇನ್ ದಪ್ಪ ಕಾಣುತ್ತದೆ. 'ಏಲಿಯನ್' ಪೂರ್ತಿ ಹೊಗೆ, ಕತ್ತಲು ಬೇರೆ. ಗ್ರೇನ್ ಎದ್ದು ಕಾಣುವುದೇ ಅಂಥ ಕಡೆ.

ಇನ್ನೊಂದು ವಿಷಯ ಇದೆ, ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಆಗ ಕಂಪ್ಯೂಟರ್ ಗ್ರಾಫಿಕ್ಸ್ ಇರಲಿಲ್ಲ. ನೌಕೆಯ ಮಾದರಿ ಒಂದು ಫಿಲ್ಮಿನಲ್ಲಿ, ನಕ್ಷತ್ರ ಇನ್ನೊಂದರಲ್ಲಿ. ಎರಡನ್ನೂ ಮೂರನೇ ಫಿಲ್ಮಿಗೆ ನಕಲು ಮಾಡಿ ಸೇರಿಸಬೇಕಿತ್ತು. ಪ್ರತಿ ನಕಲಿಗೂ ಗ್ರೇನ್ ಜಾಸ್ತಿ, ಸ್ಪಷ್ಟತೆ ಕಡಿಮೆ. '2001'ರ ನಿರ್ದೇಶಕ ಕುಬ್ರಿಕ್ ಅದನ್ನು ಆದಷ್ಟು ತಪ್ಪಿಸಿದರು. ಒಂದು ಭಾಗ ಚಿತ್ರಿಸಿ, ಆ ನೆಗೆಟಿವ್ ಅನ್ನು (ಕ್ಯಾಮೆರಾದಲ್ಲಿ ಓಡಿದ ಮೂಲ ಫಿಲ್ಮ್) ಡೆವಲಪ್ ಮಾಡದೆ ಹಾಗೇ ಎತ್ತಿಡುತ್ತಿದ್ದರು. ಎಷ್ಟೋ ದಿನ ಬಿಟ್ಟು ಅದೇ ತುಂಡನ್ನು ಮತ್ತೆ ಕ್ಯಾಮೆರಾಕ್ಕೆ ಹಾಕಿ ಮುಂದಿನ ಭಾಗ ತೆಗೆಯುತ್ತಿದ್ದರು. ಎಲ್ಲೋ ಒಂದು ತಪ್ಪಾದರೂ ಎಲ್ಲ ಮೊದಲಿಂದ! 2018ರ 4ಕೆ ಡಿಸ್ಕ್‌ಗೆ ಆ ಮೂಲ ನೆಗೆಟಿವ್ ಅನ್ನೇ 8ಕೆಯಲ್ಲಿ ಸ್ಕ್ಯಾನ್ ಮಾಡಿದ್ದಾರೆ. ನೀವು ನೋಡಿದ ಸ್ವಚ್ಛತೆ ಆ ತಾಳ್ಮೆಯದ್ದು.

'ಬ್ಲೇಡ್ ರನ್ನರ್' (1982) ಕೂಡ ಇದೇ ಕಣ್ಣಲ್ಲಿ ನೋಡಿ. ನಟರ ದೃಶ್ಯಗಳು 35 ಮಿಮೀ, ಆದರೆ ಊರಿನ ಮೇಲೆ ಕಾರು ಹಾರುವಂಥ ಎಫೆಕ್ಟ್ ದೃಶ್ಯಗಳನ್ನು 65ರಲ್ಲಿ ತೆಗೆದಿದ್ದರು. ನಕಲಿನಲ್ಲಿ ಕಳೆದುಹೋಗುವುದನ್ನು ಮೊದಲೇ ಲೆಕ್ಕ ಹಾಕಿಕೊಂಡಿದ್ದರು, ಅಷ್ಟೇ.

ಟಿವಿಯಲ್ಲಿ ನಾಯ್ಸ್ ರಿಡಕ್ಷನ್, ಮೋಷನ್ ಸ್ಮೂದಿಂಗ್ (ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್) ಎರಡೂ ಆಫ್ ಮಾಡಿ. ಶಾರ್ಪ್‌ನೆಸ್ ಇಳಿಸಿ. ಸಿನಿಮಾವನ್ನು ತೆಗೆದ ಹಾಗೇ ತೋರಿಸುವ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದೊಂದೇ ಸಾಕು.

ರಘು:
ಮಾಲತಿಯವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. 'ಮೆಟ್ರೊಪೊಲಿಸ್' (1927) ಹಾಕಿದಾಗ ಕೆಲವು ದೃಶ್ಯಗಳು ತುಂಬ ಗೀರು ಗೀರಾಗಿರುತ್ತವೆ. ಗಾಬರಿ ಬೇಡ. ಕತ್ತರಿಸಿ ಬಿಸಾಕಿದ್ದ ಭಾಗಗಳು ಅವು. 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಒಂದು 16 ಮಿಮೀ ಪ್ರತಿ ಸಿಕ್ಕಿತು, ಅದರಿಂದ ಸುಮಾರು 25 ನಿಮಿಷ ವಾಪಸ್ ಬಂತು. ಆ ಗೀರುಗಳಿರುವ ಭಾಗ ಬಂದಾಗ ನಾನು ಇನ್ನೂ ಹತ್ತಿರ ಕೂತು ನೋಡುತ್ತೇನೆ.

ಸುಹಾಸ್:
ಇಬ್ಬರಿಗೂ ಧನ್ಯವಾದ. ಎಲ್ಲ ಆಫ್ ಮಾಡಿ 'ಏಲಿಯನ್' ಮತ್ತೆ ಹಾಕಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಹೊಂದಿಕೊಂಡಿತು, ಗೋಡೆಗಳ ಒದ್ದೆ ಈಗ ನಿಜವಾಗಿ ಒದ್ದೆ ಅನಿಸುತ್ತದೆ. ಇನ್ನೊಂದು ಅನುಮಾನ. '2001'ರ ಶುರುವಿನಲ್ಲಿ ಚಿರತೆಯ ಕಣ್ಣು ದೀಪ ಹಚ್ಚಿದ ಹಾಗೆ ಹೊಳೆಯುತ್ತದೆ. ಅದು ಎಚ್‌ಡಿಆರ್ (ಬೆಳಕಿನ ಜಾಗಗಳನ್ನು ಇನ್ನೂ ಹೊಳಪಾಗಿ ತೋರಿಸುವ ತಂತ್ರ) ಜಾಸ್ತಿಯಾಗಿದ್ದಕ್ಕಾ?

ಮಾಲತಿ:
ಅಲ್ಲ, ಅದು ಫಿಲ್ಮಿನಲ್ಲೇ ಇದೆ. ಹಿಂದಿನ ಬಯಲು, ಗುಡ್ಡ ಎಲ್ಲ ಸ್ಟುಡಿಯೋದ ಪರದೆ ಮೇಲೆ ಬಿಟ್ಟ ಚಿತ್ರ. ಬೆಳಕು ಬಂದ ದಾರಿಯಲ್ಲೇ ವಾಪಸ್ ಕಳಿಸುವ ಸ್ಕಾಚ್‌ಲೈಟ್ ಎಂಬ ವಸ್ತುವಿನ ಪರದೆ ಅದು. ಪ್ರೊಜೆಕ್ಟರ್ ಬೆಳಕನ್ನು ಕ್ಯಾಮೆರಾದ ನೇರಕ್ಕೇ ಮುಂದಿನಿಂದ ಬಿಡುತ್ತಿದ್ದರು. ಚಿರತೆಯ ಕಣ್ಣೂ ಬೆಳಕನ್ನು ಹಾಗೇ ವಾಪಸ್ ಕಳಿಸುತ್ತದೆ, ಅಲ್ವಾ? ಅದಕ್ಕೇ ಹೊಳೆದದ್ದು.