ದಾಸವಾಳದ ಎಲೆ ಮುದುಡುತ್ತಿದೆ, ನಂಜು ರೋಗವಾ?

ಅಂಗಳದಾಕೆ, ಸಿಂಧನೂರು:
ಮನೆ ಮುಂದೆ ಎರಡು ದಾಸವಾಳ ಇವೆ. ನೆಲದಲ್ಲಿ ಕೆಂಪು, ಕುಂಡದಲ್ಲಿ ಹಳದಿ. ಹಳದಿಯದನ್ನು ಹೋದ ಮಳೆಗಾಲದಲ್ಲಿ ನರ್ಸರಿಯಿಂದ ತಂದಿದ್ದು. ಒಂದು ತಿಂಗಳಿಂದ ಎರಡರ ಎಲೆಯೂ ಮುದುಡುತ್ತಿದೆ, ಮೊಗ್ಗೂ ಇಲ್ಲ. ಮೆಣಸಿನ ಗಿಡದ ಮುಟುರು ರೋಗದ ಹಾಗೇ ಕಾಣುತ್ತದೆ. ಅಂಗಡಿಯವರು ಕೊಟ್ಟ ಎರಡು ಔಷಧ ಹೊಡೆದೆ, ಏನೂ ಆಗಲಿಲ್ಲ. ಕಿತ್ತು ಹಾಕಬೇಕಾ? ಕೆಂಪು ಗಿಡ ನಮ್ಮತ್ತೆ ನೆಟ್ಟಿದ್ದು, ಪೂಜೆಗೆ ದಿನಾ ಅದರದೇ ಹೂವು.

ಹತ್ತಿಹೊಲ, ರಾಯಚೂರು:
ಅಕ್ಕಾ, ತಡೀರಿ, ಈಗಲೇ ಕೀಳಬೇಡಿ. ದಾಸವಾಳದ ಎಲೆ ಮುದುಡಿದರೆ ಎಲ್ಲರೂ ನಂಜು, ಅಂದರೆ ವೈರಸ್ ಅಂತಾರೆ. ನಾನು ನೋಡಿದ್ದರಲ್ಲಿ ಜಾಸ್ತಿ ಹಿಟ್ಟು ತಿಗಣೆಯದೇ ಕಾಟ. ಚಿಗುರಿನ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಇದೆಯಾ? ಇರುವೆ ಓಡಾಡುತ್ತವಾ? ಹಾಗಿದ್ದರೆ ತುದಿ ಕತ್ತರಿಸಿದರೆ ಸಾಕು.

ಅದಿಲ್ಲದಿದ್ದರೆ ಎಲೆ ತಿರುಗಿಸಿ ಬಿಸಿಲಿಗೆ ಹಿಡಿಯಿರಿ. ನಂಜು ರೋಗವಾದರೆ ಎಲೆಯ ಅಡಿಯಲ್ಲಿ ನರ ದಪ್ಪಗಿರುತ್ತದೆ. ಕೆಲವು ಕಡೆ ನರದ ಮೇಲೇ ಪುಟ್ಟ ಎಲೆಯಂಥ ಗಂಟು ಎದ್ದಿರುತ್ತದೆ. ಇದನ್ನು ಹರಡುವುದು ಬಿಳಿನೊಣ. ನಮ್ಮ ಕಡೆ ಹತ್ತಿ ಕಟ್ಟಿಗೆ ಕಿತ್ತ ಮೇಲೆ ಅದಕ್ಕೆ ಹೊಲದಲ್ಲಿ ತಿನ್ನಲು ಇರಲ್ಲ, ಊರೊಳಗೆ ಬರುತ್ತದೆ. ದಾಸವಾಳ, ಬೆಂಡೆ, ಹತ್ತಿ ಎಲ್ಲಾ ಒಂದೇ ಕುಟುಂಬ ಅಲ್ವಾ?

ಇನ್ನೊಂದು ಮಾತು. ಔಷಧ ಹೊಡೆದ ಪಂಪ್ ಯಾರದು?

ಮಲ್ಲಿಗೆಬಳ್ಳಿ, ಗಂಗಾವತಿ:
ಹುಳಿ ಮಜ್ಜಿಗೆ ಹೊಡೆದು ನೋಡಿ ಅಕ್ಕಾ. ನಮ್ಮ ಸೇವಂತಿಗೆ ಕೆಲಸ ಮಾಡಿತ್ತು.

ಹತ್ತಿಹೊಲ, ರಾಯಚೂರು:
ಮಜ್ಜಿಗೆಯಿಂದ ನಷ್ಟವಿಲ್ಲ, ಆದರೆ ಗಿಡದೊಳಗೆ ಸೇರಿದ ನಂಜನ್ನು ತೆಗೆಯುವ ಔಷಧ ಯಾವ ಅಂಗಡಿಯಲ್ಲೂ ಸಿಗಲ್ಲ. ನಾವು ಹೊಡೆಯುವುದೆಲ್ಲ ಬಿಳಿನೊಣಕ್ಕೆ.

ಅಂಗಳದಾಕೆ, ಸಿಂಧನೂರು:
ಪಂಪ್ ಅಂದಿರಲ್ಲ, ಈಗ ನೆನಪಾಯಿತು. ತಿಂಗಳ ಹಿಂದೆ ಇರುವೆ ಕಂಡು ಬೇವಿನೆಣ್ಣೆ ಹೊಡೆದಿದ್ದೆ, ಮೈದುನ ಗದ್ದೆಯಿಂದ ತಂದ ಪಂಪಿನಲ್ಲಿ. ಕೆಂಪಿಗೆ ಮಾತ್ರ. ಅಷ್ಟರಲ್ಲಿ ಎಣ್ಣೆ ಖಾಲಿ. ಅಂಗಡಿ ಔಷಧಕ್ಕೆ ಕೈಬಾಟಲಿ ಬಳಸಿದೆ. ಬಿಳಿ ಹತ್ತಿಯಂಥದ್ದು ಈಗ ಎರಡರಲ್ಲೂ ಇಲ್ಲ.

ಹತ್ತಿಹೊಲ, ರಾಯಚೂರು:
ಅದೇ ನೋಡಿ! ಭತ್ತದ ಕಳೆಗೆ ಹೊಡೆಯುವ 2,4-ಡಿ ಹತ್ತಿಯ ಕುಟುಂಬಕ್ಕೆ ದೊಡ್ಡ ಶತ್ರು. ಪಂಪಿನ ತಳದಲ್ಲಿ ಉಳಿದ ತುಸುವೇ ಸಾಕು, ಹೊಸ ಎಲೆ ಸಣ್ಣಗಾಗಿ ಬೆರಳಿನ ಹಾಗೆ ಉದ್ದುದ್ದ ಬರುತ್ತದೆ. ನಾನೂ ಒಮ್ಮೆ ಹೀಗೇ ನಾಲ್ಕು ಸಾಲು ಹತ್ತಿ ಕೆಡಿಸಿಕೊಂಡು, ಮನೆಯಲ್ಲಿ ಬೈಸಿಕೊಂಡಿದ್ದೇನೆ.

ಎರಡೂ ಗಿಡದ ಕೆಟ್ಟ ತುದಿ ಕತ್ತರಿಸಿ. ಒಂದು ಕತ್ತರಿಸಿ ಇನ್ನೊಂದಕ್ಕೆ ಹೋಗುವ ಮೊದಲು ಕತ್ತರಿಯನ್ನು ಸೋಪಿನಲ್ಲಿ ತೊಳೆಯಿರಿ. ಮುಟುರು ಕತ್ತರಿಯಿಂದ ಬರಲ್ಲ, ಆದರೆ ಮೊಸಾಯಿಕ್‌ನಂಥ ಕೆಲವು ನಂಜು ಕೈಯಿಂದಲೇ ದಾಟುತ್ತವೆ. ತಂಬಾಕು ತಿಕ್ಕಿದ ಕೈಯಿಂದಲೂ. ಕುಂಡವನ್ನು ದೂರ ಇಡಿ. ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪು, ಎಲೆಯ ಅಡಿಗೆ ಹೊಡೆಯಿರಿ. ಸಂಜೆ ಮಾತ್ರ. ನಮ್ಮ ಬಿಸಿಲಲ್ಲಿ ಮಧ್ಯಾಹ್ನ ಹೊಡೆದರೆ ಎಲೆ ಸುಟ್ಟೇ ಹೋಗುತ್ತದೆ. ಹೊಸ ಚಿಗುರು ಹೇಗೆ ಬರುತ್ತದೋ ಆಮೇಲೆ ಹೇಳಿ.

ಅಂಗಳದಾಕೆ, ಸಿಂಧನೂರು (ನಾಲ್ಕು ವಾರದ ನಂತರ):
ಕೆಂಪು ಗಿಡದಲ್ಲಿ ಅಗಲ ಎಲೆ ಬಂದಿದೆ, ಎರಡು ಮೊಗ್ಗೂ ಇವೆ. ಹಳದಿಯದು ಮತ್ತೆ ಮುದುಡಿಕೊಂಡೇ ಚಿಗುರಿದೆ. ಎಲೆ ತಿರುಗಿಸಿದರೆ ನರದ ಮೇಲೆ ನೀವು ಹೇಳಿದ ಗಂಟು.

ಹತ್ತಿಹೊಲ, ರಾಯಚೂರು:
ಹಾಗಾದರೆ ಹಳದಿ ಉಳಿಯಲ್ಲ ಅಕ್ಕಾ. ಬೆಳಿಗ್ಗೆ ಬೇಗ, ಬಿಳಿನೊಣ ಹಾರುವ ಮೊದಲು, ಗಿಡಕ್ಕೆ ದೊಡ್ಡ ಪ್ಲಾಸ್ಟಿಕ್ ಚೀಲ ಮುಚ್ಚಿ ಬುಡಸಮೇತ ಕೀಳಿ. ಆಳಕ್ಕೆ ಹೂಳಿ. ಅದರ ಕಡ್ಡಿ ಯಾರಿಗಾದರೂ ಕೊಟ್ಟಿದ್ದೀರಾ? ಕಡ್ಡಿ ಜೊತೆ ನಂಜೂ ಹೋಗಿರುತ್ತದೆ.

ಅಂಗಳದಾಕೆ, ಸಿಂಧನೂರು:
ಕಿತ್ತೆ. ಎದುರು ಮನೆಯವರಿಗೆ ಎರಡು ಕಡ್ಡಿ ಕೊಟ್ಟಿದ್ದೆ. ಈಗಷ್ಟೇ ಹೋಗಿ ಎಲೆ ತಿರುಗಿಸಿ ನೋಡಿ ಬಂದೆ. ಅಲ್ಲೂ ಅದೇ ಗಂಟು. ಹೇಗೆ ಹೇಳೋದು ಅಂತ ಸುಮ್ನೆ ಚಹಾ ಕುಡಿದು ಬಂದಿದ್ದೇನೆ, ನಾಳೆ ಹೇಳಬೇಕು.