ಕಾಲೇಜು ಲ್ಯಾಬ್, ಕಾರ್ಖಾನೆ ಸೇರಿ ಮಾಡಿದ ಕೆಲಸಕ್ಕೆ ಪ್ರಶಸ್ತಿ: ಅರ್ಜಿಯಲ್ಲಿ ಏನು ಕೇಳಬೇಕು?

ಕೆಮಿಸ್ಟ್ರಿ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನಮ್ಮ ಊರಿನ ಸಣ್ಣ ಕೈಗಾರಿಕೆಗಳ ಸಂಘದವರು ಈ ವರ್ಷದಿಂದ ಒಂದು ಪ್ರಶಸ್ತಿ ಶುರು ಮಾಡುತ್ತಿದ್ದಾರೆ. ಒಬ್ಬ ವಿಜ್ಞಾನಿಗೆ ಅಲ್ಲ, ಒಂದು ಕಂಪನಿಗೂ ಅಲ್ಲ. ಎರಡು ಸಂಸ್ಥೆಗಳು ಕೈಜೋಡಿಸಿ ಮಾಡಿದ ಕೆಲಸಕ್ಕೆ. ಔಷಧಿ, ಪೇಂಟು, ಪ್ಲೇಟಿಂಗ್ (ಲೋಹದ ಲೇಪ), ಕೊಳಕು ನೀರಿನ ಶುದ್ಧೀಕರಣ, ಕೆಮಿಸ್ಟ್ರಿ ಇದ್ದರೆ ಯಾವುದಾದರೂ ಆಗುತ್ತೆ. ಆಯ್ಕೆ ಸಮಿತಿಗೆ ನನ್ನನ್ನೂ ಎಳೆದುಕೊಂಡಿದ್ದಾರೆ.

ಬಂದಿರುವ ಅರ್ಜಿಗಳು ಮಾತ್ರ ಎಲ್ಲಾ ಒಂದೇ ಅಚ್ಚು. ಒಪ್ಪಂದಕ್ಕೆ ಸಹಿ ಹಾಕುವ ಫೋಟೋ. ಪ್ರಿನ್ಸಿಪಾಲರಿಗೆ ಶಾಲು. ಎಂ.ಡಿ. ಕೈಯಲ್ಲಿ ಹೂಗುಚ್ಛ. ಕೆಲಸ ಏನಾಯ್ತು, ಯಾರು ಮಾಡಿದರು ಅನ್ನೋದಕ್ಕೆ ಎರಡೇ ಸಾಲು. ನೀವೇ ಒಂದು ಹೊಸ ಫಾರಂ ಮಾಡಿಕೊಡಿ ಅಂದಿದ್ದಾರೆ. ಏನು ಕೇಳಿದರೆ ನಿಜ ಹೊರಗೆ ಬರುತ್ತೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ನಿವೃತ್ತ ಪ್ಲಾಂಟ್ ಕೆಮಿಸ್ಟ್:

ಮೇಷ್ಟ್ರೇ, ಫೋಟೋ ವಾಪಸ್ ಕಳಿಸಿ. ಬ್ಯಾಚ್ ರೆಕಾರ್ಡ್ ಕೇಳಿ, ಅಂದರೆ ಒಂದೊಂದು ಸಲ ಮಾಲು ತಯಾರಿಸುವಾಗ ಯಾರು ಏನು ಮಾಡಿದರು ಅಂತ ಬರೆದಿಡುವ ಶೀಟು.

ಯಾಕೆ ಅಂತ ಹೇಳುತ್ತೇನೆ. ನಾನಿದ್ದ ಔಷಧ ಕಾರ್ಖಾನೆಗೆ ಒಂದು ಕಾಲೇಜಿನ ಲ್ಯಾಬಿಂದ ಹೊಸ ಪ್ರೊಸೆಸ್ ಬಂತು. ಲ್ಯಾಬಿನವರು ಒಳ್ಳೆಯ ಕೆಲಸವನ್ನೇ ಮಾಡಿದ್ದರು. ಫ್ಲಾಸ್ಕನ್ನು ಐಸಿನಲ್ಲಿಟ್ಟು, ಆಸಿಡ್ ಕ್ಲೋರೈಡ್ ಎನ್ನುವ ರಾಸಾಯನಿಕವನ್ನು ಹನಿ ಹನಿಯಾಗಿ ಅರ್ಧ ಗಂಟೆ ಬಿಟ್ಟರೆ ಬಿಳೀ ಪುಡಿ ಬರುತ್ತಿತ್ತು. ಅದನ್ನೇ 500 ಲೀಟರ್ ರಿಯಾಕ್ಟರಿಗೆ ಹಾಕಿದೆವು. ಪುಡಿ ಕಂದು ಬಣ್ಣಕ್ಕೆ ತಿರುಗಿತು. ಪಾತ್ರೆ ದೊಡ್ಡದಾದಂತೆ ಒಳಗಿನ ಮಾಲು ಎಷ್ಟು ಹೆಚ್ಚುತ್ತೋ, ತಣ್ಣಗಿಡುವ ಗೋಡೆ ಅಷ್ಟು ಹೆಚ್ಚುವುದಿಲ್ಲ. ಹುಟ್ಟಿದ ಬಿಸಿ ಹೊರಗೆ ಹೋಗೋದಕ್ಕೆ ದಾರಿ ಸಾಲಲ್ಲ. ಇದು ಪುಸ್ತಕದಲ್ಲೇ ಇದೆ. ಆದರೆ ನಮ್ಮ ರಿಯಾಕ್ಟರಲ್ಲಿ ಎಷ್ಟು ನಿಧಾನ ಮಾಡಬೇಕು ಅನ್ನೋದು ಯಾವ ಪುಸ್ತಕದಲ್ಲೂ ಇರಲ್ಲ.

ಅದನ್ನು ಹಿಡಿದವನು ರಾತ್ರಿ ಪಾಳಿಯ ಒಬ್ಬ ಆಪರೇಟರ್. ಗಡಿಯಾರ ನೋಡಿಕೊಂಡು ಹಾಕೋದನ್ನೇ ಬಿಟ್ಟ. ಒಳಗಿನ ಟೆಂಪರೇಚರ್ ಒಂದು ಗೆರೆ ಏರಿತೋ, ವಾಲ್ವ್ ಮುಚ್ಚಿದ. ರಿಯಾಕ್ಟರ್ ಸುತ್ತಲಿನ ಜಾಕೆಟ್ಟಿಂದ ವಾಪಸ್ ಬರುವ ಬ್ರೈನ್ (ತಂಪು ಮಾಡುವ ಉಪ್ಪುನೀರು) ಮತ್ತೆ ತಣ್ಣಗಾಗೋವರೆಗೆ ಕೈಕಟ್ಟಿ ನಿಂತ. ಆಮೇಲೆ ಸ್ವಲ್ಪ ಬಿಟ್ಟ. ಇಡೀ ಪಾಳಿ ಅದರಲ್ಲೇ ಕಳೆಯಿತು. ಬೆಳಿಗ್ಗೆ ಫಿಲ್ಟರ್ ಮೇಲೆ ಬಿಳೀ ಪುಡಿ. ಬ್ಯಾಚ್ ಶೀಟಿನ ಅಂಚಿನಲ್ಲಿ ಪೆನ್ನಿನಲ್ಲಿ ‘ಬಿಸಿ ಇಳಿದ ಮೇಲೆ ಮಾತ್ರ ಹಾಕುವುದು’ ಅಂತ ಬರೆದು ಸಹಿ ಹಾಕಿದ್ದ. ಮುಂದೆ ಎಸ್ಒಪಿಗೆ, ಅಂದರೆ ಕೆಲಸದ ಲಿಖಿತ ಕ್ರಮಕ್ಕೆ, ಹೋಗಿದ್ದೂ ಅದೇ. ಲ್ಯಾಬು, ಕಾರ್ಖಾನೆ ಇಬ್ಬರನ್ನೂ ವೇದಿಕೆ ಮೇಲೆ ಸನ್ಮಾನಿಸಿದಾಗ ಅವನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಅವತ್ತು ಅವನು ಡ್ಯೂಟಿಯಲ್ಲೇ ಇದ್ದ.

ಇದು ಈಗಿನ ಕಾಯಿಲೆ ಅಲ್ಲ. ನಮ್ಮ ಮೈಸೂರು ಸ್ಯಾಂಡಲ್ ಸೋಪನ್ನೇ ತಗೊಳ್ಳಿ. ಮೊದಲ ಮಹಾಯುದ್ಧಕ್ಕೆ ಮುಂಚೆ ಸಂಸ್ಥಾನದ ಶ್ರೀಗಂಧದ ಮರ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾಯ್ತು, ಆ ದಾರಿ ಮುಚ್ಚಿತು. ಆಗ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಈಗಿನ ಭಾರತೀಯ ವಿಜ್ಞಾನ ಸಂಸ್ಥೆ) ಸಡ್‌ಬರೋ ಮತ್ತು ವಾಟ್ಸನ್ ಅಂತ ಇಬ್ಬರು ಕೆಮಿಸ್ಟ್ರಿ ಪ್ರೊಫೆಸರುಗಳು ಎಣ್ಣೆ ಭಟ್ಟಿ ಇಳಿಸುವ ಕ್ರಮ ಕಂಡುಕೊಂಡರು. ಮರ, ದುಡ್ಡು ಸಂಸ್ಥಾನದ್ದು. ವಿದ್ಯೆ ಇನ್‌ಸ್ಟಿಟ್ಯೂಟಿನದು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಕಾರ್ಖಾನೆ ಆಯ್ತು, ಆಮೇಲೆ ಮೈಸೂರಿನಲ್ಲಿ. 1918ರಲ್ಲಿ ಸೋಪು. ಎರಡು ಸಂಸ್ಥೆಗಳ ಜೋಡಿ ಅಂದರೆ ಇದು. ಮಹಾರಾಜರು, ವಿಶ್ವೇಶ್ವರಯ್ಯನವರು ಎಲ್ಲರಿಗೂ ಗೊತ್ತು. ಸೋಪಿನ ಗರಳಪುರಿ ಶಾಸ್ತ್ರಿಗಳು ಕೆಲವರಿಗೆ ಗೊತ್ತು. ಸಡ್‌ಬರೋ, ವಾಟ್ಸನ್ ಅಂದರೆ ಎಷ್ಟು ಜನ ಗುರುತು ಹಿಡಿಯುತ್ತಾರೆ? ಇನ್ನು ಬಾಯ್ಲರ್ ಕಾಯ್ದವರ ಮಾತು ಬಿಡಿ. ಗಂಧದೆಣ್ಣೆ ಸುಲಭಕ್ಕೆ ಆವಿಯಾಗಿ ಬರುವ ಪೈಕಿ ಅಲ್ಲ. ಮರದ ಪುಡಿಗೆ ಹಗಲೂ ರಾತ್ರಿ ಹಬೆ ಹಾಯಿಸುತ್ತಲೇ ಇರಬೇಕು. ಬೆಂಕಿ ನೋಡಿಕೊಂಡವರು ಯಾರೋ ಇದ್ದೇ ಇದ್ದರಲ್ವಾ?

ಆದ್ದರಿಂದ ನನ್ನ ಮಾತಿಷ್ಟೇ. ಮೊದಲು ಸರಿಬಂದ ಕೆಲವು ಬ್ಯಾಚುಗಳ ಶೀಟು, ಲ್ಯಾಬ್ ನೋಟ್‌ಬುಕ್, ಎರಡನ್ನೂ ತರಿಸಿ. ಅದರಲ್ಲಿ ಸಹಿ ಹಾಕಿದವರ ಹೆಸರೆಲ್ಲ ಅರ್ಜಿಯಲ್ಲಿ ಇದೆಯಾ ನೋಡಿ.

ಮ್ಯಾಂಚೆಸ್ಟರ್ ಕನ್ನಡತಿ:

ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಇಲ್ಲಿ ಅನಾಲಿಟಿಕಲ್ ಲ್ಯಾಬಿನಲ್ಲಿ ಟೆಕ್ನಿಷಿಯನ್. ಇಂಗ್ಲೆಂಡಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯವರು 2019ರಲ್ಲಿ ತಮ್ಮ ಪ್ರಶಸ್ತಿಗಳ ವ್ಯವಸ್ಥೆಯನ್ನು ಮತ್ತೆ ಕೂತು ನೋಡಿದರು. 2021ರಿಂದ ಹೊರೈಜನ್ ಪ್ರೈಜ್ ಅಂತ ಕೊಡುತ್ತಿದ್ದಾರೆ. ಅದು ತಂಡಕ್ಕೇ. ಗೆದ್ದ ತಂಡದ ಪಟ್ಟಿ ವೆಬ್‌ಸೈಟಿನಲ್ಲಿ ಹಾಕುತ್ತಾರೆ, ಹೆಸರಿನ ಪಕ್ಕದಲ್ಲೇ ಯಾವ ಸಂಸ್ಥೆ ಅಂತಲೂ ಇರುತ್ತೆ. ಪಟ್ಟಿ ಉದ್ದ ಆದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ನಿಮ್ಮ ಸಮಿತಿಗೆ ಪೆನಿಸಿಲಿನ್ ಕತೆಯನ್ನೂ ಹೇಳಿ. 1945ರ ನೊಬೆಲ್ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೆ ಬಂತು. ಆಕ್ಸ್‌ಫರ್ಡಿನಲ್ಲಿ ಬೂಷ್ಟಿನಿಂದ ಪೆನಿಸಿಲಿನ್ ಬೇರೆ ಮಾಡುವ ಉಪಾಯ ಕಂಡುಹಿಡಿದವರು ನಾರ್ಮನ್ ಹೀಟ್ಲಿ. ಪಾತ್ರೆ ಸಿಗದಿದ್ದಾಗ ಆಸ್ಪತ್ರೆಯ ಬೆಡ್‌ಪ್ಯಾನಿನಲ್ಲೂ ಬೂಷ್ಟು ಬೆಳೆಸಿದ ಪುಣ್ಯಾತ್ಮ! 1941ರಲ್ಲಿ ಫ್ಲೋರಿ ಜೊತೆ ಅಮೆರಿಕಕ್ಕೆ ಹೋಗಿ, ಪಿಯೋರಿಯಾದ ಸರ್ಕಾರಿ ಕೃಷಿ ಲ್ಯಾಬಿನಲ್ಲಿ ಮೋಯರ್ ಎನ್ನುವವರ ಜೊತೆ ಕೆಲಸ ಮಾಡಿದರು. ಅಲ್ಲಿ ಮೆಕ್ಕೆಜೋಳದ ಪಿಷ್ಟ ತೆಗೆದಾಗ ಉಳಿಯುವ ನೀರು ಹಾಕಿದರೆ ಇಳುವರಿ ಎಷ್ಟೋ ಪಟ್ಟು ಜಾಸ್ತಿ ಆಯ್ತು. ಮೋಯರ್ ಅದನ್ನು ಪ್ರಕಟಿಸಿದಾಗ ಹೀಟ್ಲಿ ಹೆಸರೇ ಇಲ್ಲ. ಆಕ್ಸ್‌ಫರ್ಡ್ ಹೀಟ್ಲಿಗೆ ವೈದ್ಯಕೀಯದ ಗೌರವ ಡಾಕ್ಟರೇಟ್ ಕೊಟ್ಟಿದ್ದು 1990ರಲ್ಲಿ.

ಪೀಣ್ಯ ಪ್ಲೇಟಿಂಗ್:

ಯಜಮಾನ್ರೇ, ಬ್ಯಾಚ್ ಶೀಟ್ ಯಾರು ಕೊಡ್ತಾರೆ? ನಾನಂತೂ ಕೊಡಲ್ಲ. ನನ್ನ ಬಾತ್‌ನಲ್ಲಿ, ಅಂದ್ರೆ ಲೇಪ ಹಾಕೋ ದ್ರಾವಣದಲ್ಲಿ, ಏನಿದೆ, ಎಷ್ಟಿದೆ ಅನ್ನೋದೇ ನನ್ನ ಬಂಡವಾಳ. ಸಮಿತಿಯಲ್ಲಿ ಪಕ್ಕದ ಶೆಡ್ಡಿನವನೇ ಕೂತಿರ್ತಾನೆ. ಒಂದು ಶಾಲಿಗೋಸ್ಕರ ಫಾರ್ಮುಲಾ ಬಿಟ್ಟುಕೊಡೋಕೆ ಆಗುತ್ತಾ?

ಇನ್ನೊಂದು. ಒಪ್ಪಂದದಲ್ಲಿ ಹಕ್ಕು ಯಾರದು ಅಂತ ಬರೆದಿದ್ದಾರಾ ಕೇಳಿ. ಜಗಳ ಶುರುವಾಗೋದೇ ಅಲ್ಲಿ. ದುಡ್ಡು ಯಾರು ಹಾಕಿದ್ರು, ಕೆಲಸ ಕೆಟ್ಟಾಗ ನಷ್ಟ ಯಾರು ಹೊತ್ರು, ಅದನ್ನೂ ಕೇಳಿ. ನಮ್ಮಲ್ಲಿಗೆ ಪ್ರಾಜೆಕ್ಟಿಗೆ ಅಂತ ಹುಡುಗರನ್ನ ಕಳಿಸಿ, ಸರ್ಟಿಫಿಕೇಟ್ ತಗೊಂಡು ಹೋಗೋದನ್ನೂ ಜಂಟಿ ಕೆಲಸ ಅಂತಾರೆ. ಸುಮ್ನೆ ಹೆಸರಿಗೆ.

ನಿವೃತ್ತ ಪ್ಲಾಂಟ್ ಕೆಮಿಸ್ಟ್:

ಪೀಣ್ಯದವರೇ, ಫಾರ್ಮುಲಾ ಯಾರಿಗೆ ಬೇಕು? ಪ್ರಮಾಣ, ಟೆಂಪರೇಚರ್, ಕಚ್ಚಾ ಮಾಲಿನ ಹೆಸರು ಎಲ್ಲದರ ಮೇಲೂ ಕಪ್ಪು ಗೆರೆ ಎಳೆದು ಜೆರಾಕ್ಸ್ ಕೊಡಿ. ತಾರೀಖು, ಪಾಳಿ, ‘ಮಾಡಿದವರು’, ‘ಪರಿಶೀಲಿಸಿದವರು’, ಈ ಕಾಲಮ್ಮು ಕಂಡರೆ ಸಾಕು. ನಷ್ಟ ಯಾರು ಹೊತ್ತರು ಅನ್ನೋದು ಒಳ್ಳೇ ಪ್ರಶ್ನೆ, ನನಗೆ ಹೊಳೆದಿರಲಿಲ್ಲ. ಕೆಟ್ಟ ಬ್ಯಾಚಿನ ಖರ್ಚನ್ನು ಎರಡೂ ಕಡೆಯವರು ಹಂಚಿಕೊಂಡಿದ್ದರೆ ನಾನಂತೂ ಕಣ್ಣುಮುಚ್ಚಿ ನಂಬರ್ ಕೊಡುತ್ತೇನೆ.

ಕೆಮಿಸ್ಟ್ರಿ ಮೇಷ್ಟ್ರು:

ಎಲ್ಲರಿಗೂ ಥ್ಯಾಂಕ್ಸ್. ಫೋಟೋ ಕಾಲಮ್ ತೆಗೆದೆ. ಗೆರೆ ಎಳೆದ ಬ್ಯಾಚ್ ಶೀಟ್, ಹಕ್ಕು, ಖರ್ಚು, ನಷ್ಟ, ಇವೆಲ್ಲ ಫಾರಂಗೆ ಬಂದವು. ಈಗಲೂ ಆ ಪ್ರೊಸೆಸ್ಸಿನಲ್ಲಿ ಮಾಲು ತಯಾರಾಗುತ್ತಿದೆಯಾ ಅಂತ ನಾನೊಂದು ಪ್ರಶ್ನೆ ಸೇರಿಸಿದೆ.

ಸಂಘದ ಕಾರ್ಯದರ್ಶಿಗಳಿಗೆ ತೋರಿಸಿದರೆ ಬೇರೆಯೇ ತಕರಾರು. ಆಪರೇಟರುಗಳು ಕಾಂಟ್ರಾಕ್ಟಿನವರು, ಕಂಪನಿಯವರೇ ಅಲ್ಲ, ಅವರ ಹೆಸರು ಹೇಗೆ ಹಾಕೋದು ಅಂತ. ಅಷ್ಟು ಜನಕ್ಕೆ ಫಲಕ ಮಾಡಿಸೋಕೆ ದುಡ್ಡಿಲ್ಲ ಅಂತಲೂ ಅಂದರು. ದೇಶದ ರಾಷ್ಟ್ರೀಯ ವಿಜ್ಞಾನ ಪುರಸ್ಕಾರದಲ್ಲೇ ‘ವಿಜ್ಞಾನ ತಂಡ’ ಅಂತ ವಿಭಾಗ ಇದೆ, 2024ರಲ್ಲಿ ಅದು ಚಂದ್ರಯಾನ-3 ತಂಡಕ್ಕೆ ಹೋಯ್ತು ಅಂತ ಹೇಳಿ ನೋಡಿದೆ. ಅದು ಇಸ್ರೋ ಕಣ್ರೀ ಅಂದರು.

ನಿವೃತ್ತ ಪ್ಲಾಂಟ್ ಕೆಮಿಸ್ಟ್:

ಶೀಟಿನಲ್ಲಿ ಸಹಿ ಹಾಕಿಸಿಕೊಳ್ಳುವಾಗ ಕಾಂಟ್ರಾಕ್ಟು ಅಂತ ನೋಡಿದರಾ ಅಂತ ಕೇಳಿ ಅವರನ್ನ. ಫಲಕ ಸಂಸ್ಥೆಗೊಂದೊಂದು, ಎರಡು ಸಾಕು. ಉಳಿದವರಿಗೆಲ್ಲ ಹೆಸರು ಬರೆದ ಕಾಗದ ಕೊಡಿ, ಪ್ರಿಂಟಿಗೆ ಎಷ್ಟಾಗುತ್ತೆ? ಆಮೇಲೆ ಸಮಾರಂಭ ಭಾನುವಾರ ಇಡಿ, ಪಾಳಿಯವರಿಗೆ ಮೊದಲೇ ರಜೆ ಬರೆಸಿ.